ಹಲಸಿಗೆ ಕಸಿ ಕಟ್ತಾರೆ, ತೆಂಗಿಗೆ ಯಾಕಿಲ್ಲ?

ಗುಬ್ಬಿ ತಾಲ್ಲೂಕಿನ ಚೇಳೂರಿನ ಒಂದು ಹಲಸಿನ ಮರದ ಕಥೆ ನೀವು ಕೇಳಿರಬಹುದು. ಅದರ ಹಣ್ಣು ಇಬ್ಬರು ಹೊತ್ತು ತರುವಂಥ ಗಾತ್ರದ್ದಲ್ಲ, ಹೆಚ್ಚುಕಡಿಮೆ ಎರಡೂವರೆ ಕೆಜಿ. ಒಂದು ಮನೆಯವರು ಒಂದೇ ಸಲಕ್ಕೆ ತಿಂದು ಮುಗಿಸಬಹುದು. ಹೆಚ್ಚಿದರೆ ಒಳಗೆ ಹಳದಿ ಬದಲು ತಾಮ್ರಗೆಂಪು ತೊಳೆ. ಟೊಮೇಟೊಗೆ ಕೆಂಪು ಕೊಡೋ ಲೈಕೋಪೀನ್ ಈ ಹಲಸಿನಲ್ಲೂ ಚೆನ್ನಾಗಿದೆ. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಈ ಮರವನ್ನು ಗುರುತಿಸಿದರು. ಗಿಡ ನೆಟ್ಟಿದ್ದ ರೈತ ಸಿದ್ದಪ್ಪನವರ ನೆನಪಿಗೆ ತಳಿಗೆ ‘ಸಿದ್ದು’ ಅಂತಲೇ ಹೆಸರಾಯಿತು. 2017ರಲ್ಲಿ ಆ ಕುಟುಂಬದ ಜೊತೆ ಒಪ್ಪಂದವಾಗಿ, ತುಮಕೂರು ಪಕ್ಕದ ಹಿರೇಹಳ್ಳಿ ಕೇಂದ್ರದ ಬೆಂಬಲದಲ್ಲಿ ಕಸಿ ಗಿಡಗಳು ರೈತರಿಗೆ ಸಿಗತೊಡಗಿದವು.

ಈಗ ಒಂದು ಪ್ರಶ್ನೆ. ಸಿದ್ದು ಹಣ್ಣು ತಿಂದು ಅದರ ಬೀಜವನ್ನೇ ನೆಟ್ಟರೆ ಸಿದ್ದು ಬರುತ್ತಾ? ಬರಲ್ಲ ಅಂದರೆ ಯಾಕೆ? ಮರದ ತುಂಡೊಂದನ್ನು ಇನ್ಯಾವುದೋ ಹಲಸಿನ ಸಸಿಗೆ ಅಂಟಿಸಿದರೆ ಮಾತ್ರ ಸಿದ್ದು ಬರುತ್ತೆ ಅನ್ನೋದಾದರೆ ಅದು ಹೇಗೆ? ಆ ಬುಡದ ಸಸಿಯ ಗುಣ ಹಣ್ಣಿಗೆ ಯಾಕೆ ಬರಲ್ಲ? ಹಲಸಿಗೆ ಹೀಗೆ ಮಾಡಬಹುದು ಅಂದಮೇಲೆ, ಜಿಲ್ಲೆಯ ತುಂಬಾ ಇರೋ ತೆಂಗಿಗೆ ಯಾಕೆ ಯಾರೂ ಕಸಿ ಕಟ್ಟಲ್ಲ?

ಇವು ಬಯಾಲಜಿ ಪ್ರಶ್ನೆಗಳು. ಅದೂ ಆರಂಭಿಕ ಬಯಾಲಜಿಯವು, ಫಸ್ಟ್ ಪಿಯುಸಿಯ ಹುಡುಗ ಹುಡುಗಿಯರು ಓದೋ ಪಾಠದೊಳಗೇ ಉತ್ತರ ಇರುವಂಥವು. ಆದರೆ ನಮ್ಮ ತರಗತಿಗಳಲ್ಲಿ ಉತ್ತರ ಮಾತ್ರ ಕೊಡ್ತಾರೆ, ಪ್ರಶ್ನೆ ಕೊಡಲ್ಲ. ನನ್ನ ತಕರಾರು ಇಷ್ಟೇ. ಸ್ವಲ್ಪ ಉದ್ದವಾಗಿ ಹೇಳ್ತೀನಿ.

ನನ್ನ ಚಿಕ್ಕಪ್ಪನ ತೋಟ ಗುಬ್ಬಿ ಹತ್ತಿರ ಇದೆ. ಅಡಿಕೆ, ತೆಂಗು, ಬದುವಿನ ಮೇಲೆ ಒಂದಷ್ಟು ಹಲಸು. ಎರಡು ವರ್ಷದ ಹಿಂದೆ ಅವರು ಯಾರೋ ಗಾಡಿಯಲ್ಲಿ ತಂದು ಮಾರಿದ ‘ಸಿದ್ದು’ ಗಿಡ ತಗೊಂಡು ನೆಟ್ಟರು. ಕಳೆದ ಬಾರಿ ಊರಿಗೆ ಹೋದಾಗ ನೋಡಿದೆ: ಅರ್ಧದಷ್ಟು ಗಿಡಗಳಲ್ಲಿ ಕಸಿ ಕಟ್ಟಿದ ಗಂಟೇ ಇಲ್ಲ. ಬೀಜದಿಂದ ಎಬ್ಬಿಸಿದ ಸಸಿಗಳು ಅವು. ಇನ್ನು ಕೆಲವು ಗಿಡದಲ್ಲಿ ಗಂಟಿತ್ತು, ಆದರೆ ಅದರ ಕೆಳಗಿನಿಂದ ಎದ್ದ ಚಿಗುರೇ ದಪ್ಪವಾಗಿ ಬೆಳೆದು, ಮೇಲಿನ ಕುಡಿ ಒಣಗಿ ಹೋಗಿತ್ತು. ಅಂದರೆ ಹೆಸರಿಗೆ ಸಿದ್ದು, ಬೆಳೀತಾ ಇರೋದು ಬುಡದ ನಾಟಿ ಹಲಸು. ಚಿಕ್ಕಪ್ಪನಿಗೆ ಹೇಳಿದರೆ “ಕಾಯಿ ಬಿಟ್ಟ ಮೇಲೆ ಗೊತ್ತಾಗುತ್ತೆ ಬಿಡೋ” ಅಂದರು. ಬೀಜದ ಹಲಸು ಕಾಯಿ ಬಿಡೋಕೆ ಏಳೆಂಟು ವರ್ಷ. ಅಷ್ಟು ವರ್ಷದ ನೀರು, ಗೊಬ್ಬರ, ಜಾಗ, ಕಾಯುವಿಕೆ ಎಲ್ಲ ಅದರಲ್ಲಿ ಸೇರಿತು.

ಅವರ ಮಗಳು ತುಮಕೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದು ಸೆಕೆಂಡ್ ಪಿಯುಸಿ ಓದ್ತಾಳೆ. ಬಯಾಲಜಿಯಲ್ಲಿ ತೊಂಬತ್ತೈದಕ್ಕೆ ಕಮ್ಮಿ ತಗೊಂಡಿದ್ದೇ ಇಲ್ಲ. ಪ್ರೊಫೇಸ್ ಒಂದರ ಐದು ಹಂತ ಕೇಳಿ, ನಿದ್ದೆಯಲ್ಲೂ ಹೇಳ್ತಾಳೆ: ಲೆಪ್ಟೊಟೀನ್, ಜೈಗೊಟೀನ್, ಪ್ಯಾಕಿಟೀನ್, ಡಿಪ್ಲೊಟೀನ್, ಡಯಾಕೈನೆಸಿಸ್. ಅದೇ ತೋಟದಲ್ಲಿ ಅವಳು ಪಕ್ಕದಲ್ಲೇ ನಿಂತಿದ್ದಳು. “ಬೀಜ ನೆಟ್ಟರೆ ಅದೇ ಹಣ್ಣು ಯಾಕೆ ಬರಲ್ಲ ಹೇಳು” ಅಂದೆ. ಸ್ವಲ್ಪ ಹೊತ್ತು ಯೋಚಿಸಿ ಅಂದಳು: “ವೆಜಿಟೇಟಿವ್ ಪ್ರಾಪಗೇಶನ್ ತಾನೆ? ಅದು ಡಿಲೀಟ್ ಆಗಿದೆ ಕಣಣ್ಣ.”

ನಕ್ಕುಬಿಟ್ಟೆ. ಆದರೆ ಅವಳು ಹೇಳಿದ್ದು ನಿಜ. ನಮ್ಮ ಪಿಯು ವಿಜ್ಞಾನಕ್ಕೆ 2012ರ ಸುಮಾರಿನಿಂದ ಎನ್‌ಸಿಇಆರ್‌ಟಿ ಪಠ್ಯವೇ ಆಧಾರ. 2022ರಲ್ಲಿ, ಕೋವಿಡ್ ಆದಮೇಲೆ ಹೊರೆ ಇಳಿಸೋ ಹೆಸರಿನಲ್ಲಿ ಆ ಪುಸ್ತಕಗಳಿಗೆ ಕತ್ತರಿ ಬಿತ್ತು. ಹನ್ನೆರಡನೇ ತರಗತಿಯ ಮೊದಲ ಅಧ್ಯಾಯ, ಜೀವಿಗಳ ಸಂತಾನೋತ್ಪತ್ತಿ ಬಗ್ಗೆ ಇದ್ದದ್ದು, ಪೂರ್ತಿ ಹೋಯಿತು. ತದ್ರೂಪಿ ಅಂದರೇನು, ಬಾಳೆ ಕಂದು ಯಾಕೆ ತಾಯಿಯ ಹಾಗೇ ಇರುತ್ತೆ ಅನ್ನೋದೆಲ್ಲ ಅಲ್ಲಿತ್ತು. ಆಹಾರ ಉತ್ಪಾದನೆ ಹೆಚ್ಚಿಸುವ ತಂತ್ರಗಳ ಅಧ್ಯಾಯವೂ ಹೋಯಿತು. ಅದರಲ್ಲಿದ್ದದ್ದು ಪಶುಪಾಲನೆ, ಒಳತಳೀಕರಣ, ಸಸ್ಯ ತಳಿ ಅಭಿವೃದ್ಧಿ, ಅಂಗಾಂಶ ಕೃಷಿ. ತುಮಕೂರು ಜಿಲ್ಲೆಯ ಒಬ್ಬ ರೈತ ತನ್ನ ಮಗಳ ಪುಸ್ತಕ ಕೈಗೆತ್ತಿಕೊಂಡರೆ “ಓ, ಇದು ನಮ್ಮ ವಿಷಯ” ಅನ್ನಬಹುದಾಗಿದ್ದ ಎರಡು ಅಧ್ಯಾಯ ಯಾವುವು ಅಂತ ಕೇಳಿದರೆ ನಾನು ಇವೆರಡನ್ನೇ ತೋರಿಸ್ತಿದ್ದೆ.

ಹಾಗಂತ ಎಲ್ಲಾ ತಪ್ಪನ್ನೂ ಕತ್ತರಿಯ ಮೇಲೆ ಹಾಕೋದು ಸರಿಯಲ್ಲ. ಆ ಅಧ್ಯಾಯಗಳು ಇದ್ದಾಗಲೂ ನಾವು ಓದಿದ್ದು ಹೇಗೆ? ಕಸಿ ಅನ್ನೋದಕ್ಕೆ ಎರಡು ಅಂಕದ ಉತ್ತರ, ಒಂದು ಚಿತ್ರ. ಹನ್ನೊಂದನೇ ತರಗತಿ ಪುಸ್ತಕದ ಮೊದಲ ಅಧ್ಯಾಯದ ಕೋಷ್ಟಕದಲ್ಲಿ ಮಾವಿನ ಮರ ಬರುತ್ತೆ, ಮನುಷ್ಯ, ಮನೆನೊಣ, ಗೋಧಿಯ ಜೊತೆಗೆ. ಅದರ ಪ್ರಭೇದ, ಕುಲ, ಕುಟುಂಬ, ಗಣ ಎಲ್ಲ ಇದೆ. ಮಾವಿನ ಹಣ್ಣು ಮಾತ್ರ ಇಲ್ಲ. ಬಾದಾಮಿಗೂ ರಸಪೂರಿಗೂ ಯಾಕೆ ರುಚಿ ಬೇರೆ, ಎರಡೂ ಒಂದೇ ಪ್ರಭೇದ ಅನ್ನೋದಾದರೆ ಆ ವ್ಯತ್ಯಾಸ ಎಲ್ಲಿ ಕೂತಿದೆ ಅಂತ ಒಂದು ಸಾಲು ಕೇಳಿದ್ದರೂ ವರ್ಗೀಕರಣದ ಇಡೀ ಅಧ್ಯಾಯಕ್ಕೆ ಜೀವ ಬರ್ತಿತ್ತು. ಪುಸ್ತಕ ಕೆಟ್ಟದ್ದಲ್ಲ. ಭಾಷೆ ಬಿಗಿಯಾಗಿದೆ, ವಿಷಯ ಬಹುಪಾಲು ಸರಿಯಾಗಿದೆ. ಆದರೆ ಯಾರೂ ಕೇಳದ ಪ್ರಶ್ನೆಗಳಿಗೆ ಉತ್ತರ ಕೊಡ್ತಾ ಹೋಗುತ್ತೆ. ಅದು ಒಂಥರಾ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ನಮ್ಮ ತೊಂದರೆ ಏನು ಅಂತ ಕೇಳೋ ಮೊದಲೇ ಒಂದರಿಂದ ಒಂಬತ್ತರವರೆಗೆ ಓದೋ ಹಾಗೆ.

ತೆಂಗಿನ ವಿಷಯಕ್ಕೆ ಬರ್ತೀನಿ, ಯಾಕೆಂದರೆ ಈ ವಾದದ ಗಂಟು ಇರೋದು ಅಲ್ಲೇ.

ಸಸ್ಯಗಳ ಒಳರಚನೆ ಅಂತ ಒಂದು ಅಧ್ಯಾಯ ಇದೆ. ಮಕ್ಕಳು ಅತ್ಯಂತ ದ್ವೇಷಿಸೋ ಅಧ್ಯಾಯಗಳಲ್ಲಿ ಒಂದು. ದ್ವಿದಳ ಕಾಂಡದ ಅಡ್ಡಸೀಳು, ಏಕದಳ ಕಾಂಡದ ಅಡ್ಡಸೀಳು, ಎರಡರ ಚಿತ್ರ, ಎರಡರ ವ್ಯತ್ಯಾಸದ ಪಟ್ಟಿ. ಆ ಪಟ್ಟಿಯಲ್ಲಿ ಒಂದು ಸಾಲು: ದ್ವಿದಳದಲ್ಲಿ ನಾಳಗಳ ಕಟ್ಟು ‘ತೆರೆದದ್ದು’, ಏಕದಳದಲ್ಲಿ ‘ಮುಚ್ಚಿದ್ದು’. ತೆರೆದದ್ದು ಅಂದರೆ ನೀರು ಸಾಗಿಸೋ ಕೊಳವೆ ಮತ್ತು ಆಹಾರ ಸಾಗಿಸೋ ಕೊಳವೆಗಳ ಮಧ್ಯೆ ಕ್ಯಾಂಬಿಯಂ ಅನ್ನೋ ತೆಳುವಾದ ಪದರ ಇದೆ ಅಂತ. ಮುಚ್ಚಿದ್ದು ಅಂದರೆ ಅದಿಲ್ಲ. ಮಕ್ಕಳು ಉರು ಹೊಡೀತಾರೆ: ಡೈಕಾಟ್ ಓಪನ್, ಮಾನೋಕಾಟ್ ಕ್ಲೋಸ್ಡ್. ಮುಗೀತು. ಒಂದು ಅಂಕ.

ಅದೇ ಸಾಲು ನಮ್ಮ ತೋಟದ ಅರ್ಧ ಇತಿಹಾಸ ಹೇಳುತ್ತೆ ಅಂತ ಯಾರೂ ಹೇಳಲ್ಲ. ಕ್ಯಾಂಬಿಯಂ ಅನ್ನೋದು ಜೀವಮಾನ ಪೂರ್ತಿ ವಿಭಜನೆಯಾಗ್ತಾ, ಒಳಗೂ ಹೊರಗೂ ಹೊಸ ಕೋಶ ಕೊಡ್ತಾ ಇರೋ ಪದರ. ಹಲಸು ವರ್ಷವರ್ಷಕ್ಕೆ ದಪ್ಪ ಆಗೋದು ಅದರಿಂದ. ಕಸಿ ಕಟ್ಟುವಾಗ ಬುಡದ ಸಸಿಯ ತಲೆ ಕತ್ತರಿಸಿ, ಸೀಳು ಮಾಡಿ, ಬೇಕಾದ ಮರದ ಕುಡಿಯನ್ನು ಬೆಣೆಯ ಹಾಗೆ ಕೆತ್ತಿ ಸಿಗಿಸಿ, ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತುತ್ತಾರಲ್ಲ, ಆ ಕೈಚಳಕವೆಲ್ಲ ಇರೋದು ಈ ಕ್ಯಾಂಬಿಯಂ ಆ ಕ್ಯಾಂಬಿಯಂಗೆ ತಾಗಲಿ ಅಂತ. ತಾಗಿದರೆ ಎರಡೂ ಕಡೆಯ ಕೋಶಗಳು ಬೆಳೆದು ಬೆಸೆದುಕೊಳ್ಳುತ್ತವೆ, ಕೆಳಗಿನ ನೀರು ಮೇಲಕ್ಕೆ ಹರಿಯುತ್ತೆ. ಕುಡಿಯಲ್ಲಿ ಹೊಸದಾಗಿ ಹುಟ್ಟೋ ಪ್ರತಿ ಕೋಶವೂ ಮೈಟಾಸಿಸ್‌ನಿಂದಲೇ ಹುಟ್ಟೋದು. ಹಾಗಾಗಿ ಅದರ ಜೀನ್‌ಗಳು ಚೇಳೂರಿನ ಮರದವೇ. ಬುಡದ ಸಸಿ ನೀರು, ಲವಣ ಕೊಡುತ್ತೆ. ಅದರಿಂದ ಮರ ಗಟ್ಟಿಯಾಗಬಹುದು, ಸೊರಗಬಹುದು. ಆದರೆ ಕುಡಿಯ ಕೋಶದ ಒಳಗಿನ ಜೀನ್‌ಗಳನ್ನು ಅದು ಬದಲಾಯಿಸಲ್ಲ.

ಹಣ್ಣಿನ ಬೀಜದ ಕಥೆ ಬೇರೆ. ಹಲಸಿನ ಒಂದೇ ಮರದಲ್ಲಿ ಗಂಡು ಹೂಗೊಂಚಲು ಬೇರೆ, ಹೆಣ್ಣು ಹೂಗೊಂಚಲು ಬೇರೆ. ಪರಾಗ ಪಕ್ಕದ ತೋಟದ ಯಾವ ಮರದಿಂದ ಬಂತೋ ಬಲ್ಲವರಿಲ್ಲ. ನಾವು ತಿನ್ನೋ ಒಂದೊಂದು ತೊಳೆಯೂ ಒಂದೊಂದು ಹೂವಿನಿಂದ ಆದದ್ದು. ಸುತ್ತಲಿನ ನಾರುನಾರಾದ ಎಳೆಗಳು ಫಲ ಕಟ್ಟದೇ ಉಳಿದ ಹೂಗಳವು. ಹಾಗಾಗಿ ಒಂದೇ ಹಣ್ಣಿನ ಎರಡು ಬೀಜಗಳಿಗೆ ಅಪ್ಪ ಬೇರೆ ಬೇರೆ ಇರಬಹುದು. ಕೈಗೆ ಎಣ್ಣೆ ಹಚ್ಚಿಕೊಂಡು ತರಗತಿಯ ಮುಂದೆ ಒಂದು ಹಲಸು ಬಿಡಿಸಿ ಇದನ್ನು ತೋರಿಸಿದರೆ ಸಂಯುಕ್ತ ಫಲ ಅಂದರೇನು ಅನ್ನೋದನ್ನು ಮರೆಯೋಕೆ ಯಾವ ವಿದ್ಯಾರ್ಥಿಗೂ ಆಗಲ್ಲ. ವಾಸನೆಯೇ ಬಿಡಲ್ಲ.

ತೆಂಗು ಏಕದಳ. ಅದರ ಕಾಂಡದ ತುಂಬಾ ನಾಳಗಳ ಕಟ್ಟುಗಳು ಚೆಲ್ಲಿದ ಹಾಗೆ ಇರುತ್ತವೆ, ಕ್ಯಾಂಬಿಯಂ ಇಲ್ಲ. ಬೆಸೆಯೋಕೆ ಪದರವೇ ಇಲ್ಲದ ಮೇಲೆ ಕಸಿ ಕಟ್ಟೋದು ಯಾವುದಕ್ಕೆ? ಅಡಿಕೆಯೂ ಹಾಗೇ. ಅದಕ್ಕೇ ತೆಂಗಿನ ಮರಕ್ಕೆ ಮಚ್ಚಿನೇಟು ಬಿದ್ದರೆ ಆ ಗಾಯ ಮುಚ್ಚಿಕೊಳ್ಳಲ್ಲ, ಅಜ್ಜ ಮಾಡಿದ ಗುರುತು ಮೊಮ್ಮಗನಿಗೂ ಕಾಣುತ್ತೆ. ಬೆಳೆಯೋ ತುದಿ ಇರೋದೂ ಒಂದೇ, ಸುಳಿ. ಸುಳಿ ಕೊಳೆತರೆ ಮರ ಹೋಯಿತು ಅಂತ ಓದು ಬರಹ ಬಾರದ ರೈತರಿಗೂ ಗೊತ್ತು. ಪುಸ್ತಕದ ‘ಮುಚ್ಚಿದ್ದು’ ಅನ್ನೋ ಒಂದು ಪದ, ಈ ಗಾಯ, ಈ ಸುಳಿಯ ಭಯ, ತೆಂಗಿನ ಸಸಿಗೆ ತಾಯಿಮರ ಆರಿಸುವಾಗ ಹಿರಿಯರು ಪಡೋ ಪಾಡು, ಇವೆಲ್ಲ ಒಂದೇ ದಾರದಲ್ಲಿವೆ. ತಾಯಿಮರವನ್ನು ಎಷ್ಟೇ ಆರಿಸಿದರೂ ಪರಾಗ ಯಾವುದರದ್ದೋ, ಸಸಿ ಒಂದು ಜೂಜು. ತೆಂಗನ್ನು ಲ್ಯಾಬಿನಲ್ಲಿ ತದ್ರೂಪಿ ಮಾಡೋದು ಜಗತ್ತಿನ ಹಠಮಾರಿ ಸಮಸ್ಯೆಗಳಲ್ಲೊಂದು. 2021ರಲ್ಲಿ ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದವರು ಚಿಗುರುಗಳನ್ನು ಒಂದರಿಂದ ಹಲವಾಗಿಸೋ ದಾರಿಯೊಂದನ್ನು ಪ್ರಕಟಿಸಿದಾಗ ಅದು ದೊಡ್ಡ ಸುದ್ದಿಯಾಗಿದ್ದು ಅದಕ್ಕೇ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ‘ಬಯಾಲಜಿಯನ್ನು ಆಸಕ್ತಿದಾಯಕವಾಗಿ ಕಲಿಸಿ’ ಅಂದ ಕೂಡಲೇ ಈಗ ಒಂದು ಉದ್ಯಮವೇ ಎದ್ದು ನಿಲ್ಲುತ್ತೆ. ನೀಲಿ ತಿಮಿಂಗಿಲದ ಹೃದಯ ಎಷ್ಟು ದೊಡ್ಡದು ಗೊತ್ತಾ? ಆಕ್ಟೋಪಸ್‌ಗೆ ಎಷ್ಟು ಹೃದಯ ಗೊತ್ತಾ? ಮೂವತ್ತು ಸೆಕೆಂಡಿನ ರೀಲು, ಹಿನ್ನೆಲೆಯಲ್ಲಿ ಢಂ ಢಂ. ನಂತರ ‘ಬನ್ನಿ, ಈಗ ನೋಟ್ಸ್ ನೋಡೋಣ’. ಇದು ಪ್ರಶ್ನೆ ಅಲ್ಲ, ಮೀನಿಗೆ ಹಾಕೋ ಎರೆಹುಳು. ಉತ್ತರ ಏನೇ ಬಂದರೂ ಕೇಳಿದವನ ಬದುಕಿನಲ್ಲಿ ಒಂದು ಕಡ್ಡಿಯೂ ಅಲ್ಲಾಡಲ್ಲ. ಉರು ಹೊಡೆಯೋಕೆ ತಮಾಷೆಯ ವಾಕ್ಯ ಕಟ್ಟಿಕೊಡೋ ಕೋಚಿಂಗ್ ಮೇಷ್ಟ್ರುಗಳದ್ದೂ ಇದೇ ಕಥೆ. ನೆನಪು ಉಳಿಯುತ್ತೆ, ನಿಜ. ಯಾವುದರ ನೆನಪು ಅಂತ ಕೇಳಬೇಕು.

ನಾನು ಹೇಳ್ತಾ ಇರೋ ಥರದ ಪ್ರಶ್ನೆಗೆ ಒಂದು ಗುಣ ಇದೆ: ತಪ್ಪು ಉತ್ತರ ಕೊಟ್ಟರೆ ಯಾರಿಗೋ ನಷ್ಟ ಆಗುತ್ತೆ. ಸಿದ್ದು ಬೀಜ ನೆಟ್ಟು ಎಂಟು ವರ್ಷ ಕಾದವನಿಗೆ ಆಗುವ ಹಾಗೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ 1969ರಲ್ಲಿ ರೋಗಿಯ ಸಮಸ್ಯೆಯನ್ನೇ ಮುಂದಿಟ್ಟು, ಅದನ್ನು ಬಿಡಿಸೋಕೆ ಬೇಕಾದ ವಿಜ್ಞಾನವನ್ನು ವಿದ್ಯಾರ್ಥಿಗಳೇ ಹುಡುಕಿ ಕಲಿಯುವ ಪದ್ಧತಿ ಶುರು ಮಾಡಿದ್ದು ಈ ನಂಬಿಕೆಯಿಂದಲೇ. ಅಷ್ಟು ದೂರ ಯಾಕೆ, ಮಧ್ಯಪ್ರದೇಶದ ಹೋಶಂಗಾಬಾದ್‌ನಲ್ಲಿ 1972ರಲ್ಲಿ 16 ಶಾಲೆಗಳಲ್ಲಿ ಆರಂಭವಾದ ವಿಜ್ಞಾನ ಶಿಕ್ಷಣ ಕಾರ್ಯಕ್ರಮ ಇತ್ತು. ಹಳ್ಳಿ ಮಕ್ಕಳು ತಮ್ಮ ಹೊಲ, ಕೆರೆ, ಹುಳುಹುಪ್ಪಟೆಗಳನ್ನು ನೋಡಿ, ಅಳೆದು, ಬರೆದು ಕಲೀತಿದ್ದರು. ನೂರಾರು ಶಾಲೆಗೆ ಹಬ್ಬಿತು. 2002ರಲ್ಲಿ ಸರ್ಕಾರವೇ ಅದನ್ನು ಮುಚ್ಚಿತು. ಒಳ್ಳೆಯ ಪದ್ಧತಿ ಸಾಯೋದಕ್ಕೆ ಅದು ವಿಫಲವಾಗಲೇಬೇಕು ಅಂತೇನಿಲ್ಲ.

ಕನ್ನಡದಲ್ಲಿ ಈ ಕೆಲಸ ಮಾಡಿದವರು ಬಿ.ಜಿ.ಎಲ್. ಸ್ವಾಮಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರ ಪ್ರಾಧ್ಯಾಪಕರು. ವಿದ್ಯಾರ್ಥಿಗಳನ್ನು ಕಾಡಿಗೆ ಕರೆದುಕೊಂಡು ಹೋದ ಪ್ರವಾಸವನ್ನೇ ‘ಹಸುರು ಹೊನ್ನು’ ಮಾಡಿದರು, 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮಲ್ಲಿ ಆ ಪುಸ್ತಕವನ್ನು ಅದರ ಹಾಸ್ಯಕ್ಕಾಗಿ ಹೊಗಳೋದು ರೂಢಿ. ನನಗೆ ಅದರಲ್ಲಿ ಕಾಣೋದು ಒಬ್ಬ ಮೇಷ್ಟ್ರ ಶಿಸ್ತು. ಗಿಡ ಎದುರಿಗೆ ಬಂದಮೇಲೆ ಹೆಸರು, ಹೆಸರಾದಮೇಲೆ ಕಥೆ, ಕಥೆಯ ಹೊಟ್ಟೆಯಲ್ಲಿ ಶಾಸ್ತ್ರ. ಅವರದ್ದೇ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಅನ್ನೋ ಪುಸ್ತಕದ ಹೆಸರೇ ಒಂದು ಪಾಠ. ಮೆಣಸಿನಕಾಯಿ, ಆಲೂಗೆಡ್ಡೆ, ಟೊಮೇಟೊ ಎಲ್ಲ ಹೊರಗಿನಿಂದ ಬಂದವು ಅಂದರೆ ಅದಕ್ಕೂ ಮುಂಚೆ ನಮ್ಮ ಸಾರು ಹೇಗಿತ್ತು ಅಂತ ಯಾವ ಹುಡುಗನೂ ಕೇಳಿಯೇ ಕೇಳ್ತಾನೆ. ಸ್ವಾಮಿಯವರ ಮೇಲೆ ನನಗಿರೋ ಒಂದೇ ದೂರು, ಅವರ ಗದ್ಯಕ್ಕೆ ಸಿಕ್ಕ ಓದುಗರು ಬಹುಪಾಲು ಸಾಹಿತ್ಯದವರು. ಸೈನ್ಸ್ ಸೆಕ್ಷನ್‌ನ ಮಕ್ಕಳು ಅವರ ಹೆಸರು ಕೇಳೋದು ಕನ್ನಡ ಪಿರಿಯಡ್‌ನಲ್ಲಿ. ಆದರೆ ಇದು ಅವರ ಮೇಲಿನ ದೂರಲ್ಲ, ನಮ್ಮ ಮೇಲಿನದ್ದು.

ಗುಬ್ಬಿಯಿಂದ ಈಗ ಕುಣಿಗಲ್‌ಗೆ ಹೋಗೋಣ. ಅಲ್ಲಿನ ಕುದುರೆ ಫಾರ್ಮ್ ಟಿಪ್ಪುವಿನ ಕಾಲದಲ್ಲಿ ಅಶ್ವದಳಕ್ಕೆ ಕುದುರೆ ಸಾಕಿದ ಜಾಗ, ಆಮೇಲೆ ರೇಸ್ ಕುದುರೆಗಳಿಗೆ ಹೆಸರಾಯಿತು. ರೇಸಿನ ಥರೋಬ್ರೆಡ್ ಕುದುರೆಯ ವಂಶಾವಳಿ ನಮ್ಮ ಯಾವ ಮನೆತನದ ವಂಶವೃಕ್ಷಕ್ಕಿಂತಲೂ ಕಟ್ಟುನಿಟ್ಟು. ಇಂಗ್ಲೆಂಡಿನಲ್ಲಿ 1791ರಲ್ಲಿ ದಾಖಲೆ ಪುಸ್ತಕ ಶುರುವಾಯಿತು. ಜಗತ್ತಿನ ಎಲ್ಲ ಥರೋಬ್ರೆಡ್‌ಗಳ ಗಂಡು ಸಂತತಿ ಮೂರೇ ಮೂರು ಬೀಜದ ಕುದುರೆಗಳಿಗೆ ಹೋಗಿ ನಿಲ್ಲುತ್ತೆ. ಇಷ್ಟೆಲ್ಲ ಲೆಕ್ಕ ಇಟ್ಟುಕೊಂಡು, ಗೆದ್ದ ಕುದುರೆಗೆ ಗೆದ್ದ ಹೆಣ್ಣುಕುದುರೆ ಕೂಡಿಸಿ, ಹನ್ನೊಂದು ತಿಂಗಳು ಕಾದರೂ ಹುಟ್ಟಿದ ಮರಿ ಓಡದೇ ಇರಬಹುದು. ಅದೇ ಅಪ್ಪ ಅಮ್ಮನಿಗೆ ಮುಂದಿನ ವರ್ಷ ಹುಟ್ಟಿದ ಮರಿ ಗೆಲ್ಲಬಹುದು. ಯಾಕೆ?

ನನ್ನ ಓದುಗರಲ್ಲಿ ಅರ್ಧ ಜನ ಕೋಡ್ ಬರೆಯೋರು ಅಂತ ಗೊತ್ತು, ನಿಮಗಾಗಿ ಈ ಲೆಕ್ಕ. ಕುದುರೆಗೆ 64 ಕ್ರೋಮೋಸೋಮ್, ಅಂದರೆ 32 ಜೋಡಿ. ಮಿಯಾಸಿಸ್ ಆಗುವಾಗ ಪ್ರತಿ ಜೋಡಿಯಿಂದ ಒಂದನ್ನು ಆರಿಸಬೇಕು, ಈ ಕಡೆಯದ್ದೋ ಆ ಕಡೆಯದ್ದೋ. 32 ಬಿಟ್! ಸಾಧ್ಯ ಇರೋ ಜೋಡಣೆಗಳು ಸುಮಾರು 429 ಕೋಟಿ. ಇಂಟರ್‌ನೆಟ್‌ನ ಐಪಿವಿ4 ವಿಳಾಸಗಳ ಒಟ್ಟು ಸಂಖ್ಯೆ ಎಷ್ಟೋ ಅಷ್ಟೇ. ಇದು ಅಪ್ಪನ ಕಡೆಯದ್ದು ಮಾತ್ರ, ಅಮ್ಮನ ಕಡೆಯಿಂದ ಇನ್ನೊಂದು 429 ಕೋಟಿ, ಎರಡನ್ನೂ ಗುಣಿಸಿ. ಸಾಲದ್ದಕ್ಕೆ ಜೋಡಿ ಕ್ರೋಮೋಸೋಮ್‌ಗಳು ಅಕ್ಕಪಕ್ಕ ಕೂತು ತುಂಡುಗಳನ್ನು ಅದಲು ಬದಲು ಮಾಡಿಕೊಳ್ಳುತ್ತವೆ. ಅದು ಆಗೋ ಹಂತದ ಹೆಸರು ಪ್ಯಾಕಿಟೀನ್. ನನ್ನ ತಂಗಿ ನಿದ್ದೆಯಲ್ಲಿ ಹೇಳೋ ಮೂರನೇ ಪದ. ಕುಣಿಗಲ್ ಕುದುರೆಯ ಮೇಲೆ ದುಡ್ಡು ಕಟ್ಟಿದವನ ಅದೃಷ್ಟ, ಚಿಕ್ಕಪ್ಪನ ತೋಟದಲ್ಲಿ ಬೀಜದಿಂದ ಎದ್ದ ಹಲಸಿನ ಅದೃಷ್ಟ, ಎರಡೂ ಆ ಪದದ ಒಳಗಿವೆ.

ಇದೇ ದಾರಿಯಲ್ಲಿ ಹೇಸರಗತ್ತೆಯೂ ಸಿಗುತ್ತೆ. ಕತ್ತೆಗೆ 62 ಕ್ರೋಮೋಸೋಮ್, ಕುದುರೆಗೆ 64, ಎರಡರ ಮರಿಗೆ 63. ಬೆಸಸಂಖ್ಯೆ, ಜೋಡಿ ಕೂರಲ್ಲ. ಸಾಮಾನ್ಯವಾಗಿ ಅದಕ್ಕೆ ಸಂತಾನ ಆಗಲ್ಲ. ಹಾಗಾದರೆ ಸಂತಾನ ಪಡೆಯೋದೇ ಜೀವಂತಿಕೆಯ ಲಕ್ಷಣ ಅನ್ನೋದಾದರೆ ಹೇಸರಗತ್ತೆ ಜೀವಂತ ಅಲ್ಲವಾ? ಎನ್‌ಸಿಇಆರ್‌ಟಿಯ ಹಳೆಯ ಆವೃತ್ತಿಯಲ್ಲಿ ಈ ಜಗಳ ಮೊದಲ ಅಧ್ಯಾಯದಲ್ಲೇ ಇತ್ತು, ಅದಕ್ಕೆ ಪುಸ್ತಕವನ್ನು ಮೆಚ್ಚಲೇಬೇಕು.

ಕುದುರೆಗೂ ಕಸಿ ಕಟ್ಟೋಕೆ ಆಗಲ್ಲವಾ ಅಂತ ಯಾರಾದರೂ ಕೇಳಿದರೆ ಉತ್ತರ ಇನ್ನೂ ಮಜವಾಗಿದೆ. ಒಂದರ್ಥದಲ್ಲಿ ಆಗುತ್ತೆ. 2003ರಲ್ಲಿ ಇಟಲಿಯಲ್ಲಿ ಪ್ರೊಮೆಟಿಯಾ ಅನ್ನೋ ಮೊದಲ ತದ್ರೂಪಿ ಕುದುರೆ ಹುಟ್ಟಿತು. ಯಾವ ಕುದುರೆಯ ಕೋಶದಿಂದ ಮಾಡಿದರೋ ಅದೇ ಕುದುರೆ ಅದನ್ನು ಹೆತ್ತಿತು. ತನ್ನ ಅವಳಿಯನ್ನೇ ಹೆತ್ತ ಹಾಗೆ. ಪೋಲೊ ಆಟದಲ್ಲಿ ಈಗ ತದ್ರೂಪಿ ಕುದುರೆಗಳು ಓಡುತ್ತವೆ. ಆದರೆ ಥರೋಬ್ರೆಡ್ ರೇಸಿನಲ್ಲಿ ತದ್ರೂಪಿಗೆ ಪ್ರವೇಶ ಇಲ್ಲ, ಕೃತಕ ಗರ್ಭಧಾರಣೆಗೂ ಇಲ್ಲ. ಅಂದರೆ ಹಲಸಿನಲ್ಲಿ ಎಲ್ಲ ಗಿಡವೂ ಒಂದೇ ಥರ ಬರಬೇಕು ಅನ್ನೋದು ವ್ಯಾಪಾರ, ಕುದುರೆಯಲ್ಲಿ ಪ್ರತಿ ಮರಿಯೂ ಬೇರೆ ಬರಬೇಕು ಅನ್ನೋದು ವ್ಯಾಪಾರ. ಬಯಾಲಜಿ ಎಲ್ಲಿ ಮುಗಿದು ಮನುಷ್ಯರ ನಿಯಮ ಎಲ್ಲಿ ಶುರುವಾಯಿತು ಅಂತ ಹದಿನಾರು ವರ್ಷದವರು ಜಗಳ ಆಡೋಕೆ ಇದಕ್ಕಿಂತ ಒಳ್ಳೆ ಜಾಗ ಸಿಗಲ್ಲ.

ಇಷ್ಟು ಹೊತ್ತು ಹೇಳಿದ್ದೆಲ್ಲ ಹಣ್ಣು, ಕುದುರೆ ಅಂತ ಖುಷಿಯ ಸಂಗತಿ. ನಿಜವಾದ ಪ್ರಶ್ನೆಗಳು ಯಾವಾಗಲೂ ಖುಷಿ ಕೊಡಲ್ಲ. ಇದೇ ಜಿಲ್ಲೆಯ ಪಾವಗಡ, ಸೋಲಾರ್ ಪಾರ್ಕ್‌ನಿಂದ ಹೆಸರಾಗೋದಕ್ಕೆ ಎಷ್ಟೋ ಮೊದಲೇ ಫ್ಲೋರೈಡ್ ನೀರಿಗೆ ಹೆಸರಾಗಿತ್ತು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದ ಫ್ಲೋರೈಡ್ ಅಲ್ಲಿನ ಎಷ್ಟೋ ಬೋರ್‌ವೆಲ್‌ಗಳಲ್ಲಿ ಮೀರಿದೆ. ಹಲ್ಲಿನ ಎನಾಮೆಲ್ ಕಟ್ಟೋದು ಬಾಲ್ಯದಲ್ಲಿ, ಕಲೆ ಬೀಳೋದೂ ಆಗಲೇ. ದೊಡ್ಡವನಾದ ಮೇಲೆ ಆ ಊರಿಗೆ ಬಂದವನ ಹಲ್ಲಿಗೆ ಆ ಕಲೆ ಬರಲ್ಲ, ಮೂಳೆಗೆ ಮಾತ್ರ ತೊಂದರೆ ಆಗಬಹುದು. ಅಂದರೆ ಹಲ್ಲು ನೋಡಿದರೆ ಒಬ್ಬನ ಬಾಲ್ಯದ ನೀರು ಗೊತ್ತಾಗುತ್ತೆ. ಅದ್ಭುತವಾದ ಬಯಾಲಜಿ ಪ್ರಶ್ನೆ. ಆದರೆ ಮುಂದಿನ ಬೆಂಚಿನಲ್ಲಿ ಕೂತ, ಬಾಯಿಗೆ ಕೈ ಅಡ್ಡ ಇಟ್ಟು ನಗೋ ಹುಡುಗಿಯ ಮುಂದೆ ಅದನ್ನು ಹೇಗೆ ಕೇಳ್ತೀರಿ? ಕೇಳಬಾರದು ಅಂತ ನನ್ನ ಅಭಿಪ್ರಾಯ ಅಲ್ಲ. ಹಲ್ಲಿನಿಂದ ಅಲ್ಲ, ನೀರಿನಿಂದ ಶುರು ಮಾಡಬೇಕು. ಊರಿನ ಶುದ್ಧ ನೀರಿನ ಘಟಕ ಫ್ಲೋರೈಡನ್ನು ಹೇಗೆ ತೆಗೆಯುತ್ತೆ, ಕೆಟ್ಟು ನಿಂತು ಎಷ್ಟು ದಿನ ಆಯಿತು ಅಂತ ಕೇಳಬೇಕು. ಬದುಕಿಗೆ ಹತ್ತಿರವಾದ ಪ್ರಶ್ನೆ ಕೇಳೋ ಮೇಷ್ಟ್ರಿಗೆ ರೀಲು ಮಾಡೋರಿಗೆ ಬೇಡದ ಒಂದು ಸೂಕ್ಷ್ಮ ಬೇಕು. ಆಸಕ್ತಿದಾಯಕ ಅನ್ನೋ ಪದ ನನಗೆ ಅದಕ್ಕೇ ಸಾಲದು ಅನ್ನಿಸೋದು.

ಇನ್ನು ಎಲ್ಲರ ಬಾಯಲ್ಲೂ ಬರೋ ಆಕ್ಷೇಪ: ನೀಟ್. 720 ಅಂಕದಲ್ಲಿ 360 ಬಯಾಲಜಿಯದ್ದೇ, 90 ಪ್ರಶ್ನೆ. ಮೂರು ಗಂಟೆಯಲ್ಲಿ 180 ಪ್ರಶ್ನೆ ಬಿಡಿಸಬೇಕಾದ ಮಗುವಿಗೆ ನೀವು ಹಲಸಿನ ಕಥೆ ಹೇಳ್ತೀರಾ? ತಂದೆತಾಯಿ ಜಮೀನು ಅಡವಿಟ್ಟು ಫೀಸು ಕಟ್ಟಿರ್ತಾರೆ, ನಿಮ್ಮ ಪ್ರಯೋಗಕ್ಕೆ ಅವಳ ಸೀಟು ಹೋದರೆ? ಈ ಮಾತನ್ನು ಬೆಂಗಳೂರಿನಲ್ಲಿ ಕೂತು ತಳ್ಳಿಹಾಕೋದು ಸುಲಭ, ನಾನು ತಳ್ಳಿಹಾಕಲ್ಲ. ಪಿರಿಯಡ್ ಚಿಕ್ಕದು, ಪೋರ್ಷನ್ ದೊಡ್ಡದು, ಲೆಕ್ಚರರ್ ಅತಿಥಿ ಉಪನ್ಯಾಸಕರಾಗಿದ್ದರೆ ಮುಂದಿನ ವರ್ಷ ಇರ್ತಾರೋ ಇಲ್ಲವೋ ಅನ್ನೋದೇ ಅನುಮಾನ. ಆದರೆ ಒಂದು ಲೆಕ್ಕ ಹಾಕಿ. ತೆರೆದ ಕಟ್ಟು, ಮುಚ್ಚಿದ ಕಟ್ಟು, ಕ್ಯಾಂಬಿಯಂ, ಮೈಟಾಸಿಸ್, ಮಿಯಾಸಿಸ್, ಅಡ್ಡಹಾಯುವಿಕೆ, ಪರಕೀಯ ಪರಾಗಸ್ಪರ್ಶ, ಸಂಯುಕ್ತ ಫಲ: ಇವು ಹೇಗೂ ಉರು ಹೊಡೆಯಬೇಕಾದ ಪದಗಳೇ. ಬೇರೆ ಬೇರೆ ತಿಂಗಳಲ್ಲಿ, ಬೇರೆ ಬೇರೆ ಅಧ್ಯಾಯದಲ್ಲಿ, ಒಂದಕ್ಕೊಂದು ಸಂಬಂಧ ಇಲ್ಲದ ಹಾಗೆ ಕಲಿತು ಮೂರು ಸಲ ರಿವಿಶನ್ ಮಾಡೋದಕ್ಕೆ ಹಿಡಿಯೋ ಹೊತ್ತು ಕಮ್ಮಿಯೇನಲ್ಲ. ಒಂದು ಪ್ರಶ್ನೆಗೆ ಎಂಟೂ ಪದ ನೇತು ಹಾಕಿದರೆ ಹೊತ್ತು ಉಳಿಯುತ್ತೆ ಅಂತ ನನ್ನ ಊಹೆ. ಹೊತ್ತು ಉಳಿಯದಿದ್ದರೂ ಕೊನೇಪಕ್ಷ ಚಿಕ್ಕಪ್ಪನ ದುಡ್ಡು ಉಳೀತಿತ್ತು. ಡಾಕ್ಟರ್ ಸೀಟು ಸಿಗದ ಬಹುಪಾಲು ಮಕ್ಕಳಿಗೆ ಆ ಎರಡು ವರ್ಷದ ಬಯಾಲಜಿಯಿಂದ ಉಳಿಯೋದೇನು ಅನ್ನೋದನ್ನೂ ಯಾರಾದರೂ ಕೇಳಬೇಕಲ್ಲ.

ನನ್ನ ಒಬ್ಬ ಸ್ನೇಹಿತ ಗುಬ್ಬಿ ಕಡೆಯ ಒಂದು ಪಿಯು ಕಾಲೇಜಿನಲ್ಲಿ ಬಯಾಲಜಿ ಕಲಿಸ್ತಾನೆ. ಈ ಮಾತೆಲ್ಲ ಅವನ ಹತ್ತಿರ ಜಗಳ ಆಡ್ತಾ ಹುಟ್ಟಿದ್ದು. “ಬ್ಲಾಗ್ ಬರೆಯೋದಕ್ಕೇನು, ನೀನು ಬಂದು ಎಂಬತ್ತು ಮಕ್ಕಳನ್ನು ಸಂಭಾಳಿಸು” ಅಂತಿದ್ದ. ಆದರೂ ಈ ವರ್ಷ ಕೋಶ ವಿಭಜನೆ ಶುರು ಮಾಡೋ ದಿನ ಒಂದು ಹಲಸಿನ ಕಸಿ ಗಿಡ, ತೆಂಗಿನ ಕಾಂಡದ ಒಂದು ತುಂಡು ತಗೊಂಡು ಹೋಗಿ ಮೇಜಿನ ಮೇಲಿಟ್ಟು, ಈ ಲೇಖನದ ಶೀರ್ಷಿಕೆಯ ಪ್ರಶ್ನೆ ಬೋರ್ಡ್ ಮೇಲೆ ಬರೆದ. ಮೊದಲ ಹತ್ತು ನಿಮಿಷ ಬರೀ ಗಲಾಟೆ. ತೆಂಗು ಎತ್ತರ ಅದಕ್ಕೆ, ತೆಂಗಿಗೆ ಕೊಂಬೆ ಇಲ್ಲ ಅದಕ್ಕೆ, ತೆಂಗು ಕಲ್ಪವೃಕ್ಷ ಅದಕ್ಕೆ. ಕೊಂಬೆ ಇಲ್ಲ ಅನ್ನೋ ಉತ್ತರ ಅವನಿಗೆ ಇಷ್ಟ ಆಯಿತಂತೆ, ಅಲ್ಲಿಂದ ಸುಳಿಗೆ ಹೋಗಿ, ಸುಳಿಯಿಂದ ಕಾಂಡದ ಒಳಗೆ ಇಳಿದ. ಕೊನೆಯ ಬೆಂಚಿನ ಒಬ್ಬ ಹುಡುಗ ಎದ್ದು ಕೇಳಿದ: “ಸಾರ್, ಬುಡ ಒಂದು ಮರದ್ದು, ತಲೆ ಇನ್ನೊಂದು ಮರದ್ದು. ಹಣ್ಣಿನೊಳಗಿನ ಬೀಜ ಯಾರ ಮಗು?” ತಲೆಯ ಮರದ್ದು, ಜೊತೆಗೆ ಪರಾಗ ಎಲ್ಲಿಂದ ಬಂತೋ ಆ ಮರದ್ದು, ಬುಡಕ್ಕೆ ಪಾಲಿಲ್ಲ ಅಂತ ಸ್ನೇಹಿತ ಹೇಳಿದ. ಆ ಹುಡುಗ ಸಮಾಧಾನ ಆದವನ ಹಾಗೆ ಕಾಣಲಿಲ್ಲವಂತೆ, ಸುಮ್ಮನೆ ಕೂತ. ಎರಡು ದಿನ ಬಿಟ್ಟು ಸ್ಟಾಫ್ ರೂಮಿನ ಬಾಗಿಲ ಹತ್ತಿರ ಬಂದು ನಿಂತು ಹೇಳಿದ: “ಸಾರ್, ನಮ್ಮ ತೋಟದಲ್ಲಿ ಹನ್ನೊಂದು ಗಿಡ ಇದಾವೆ. ಮೂರರಲ್ಲಿ ಗಂಟಿನ ಕೆಳಗಿಂದ ಚಿಗುರು ಎದ್ದಿತ್ತು. ನಿನ್ನೆ ಕತ್ತರಿಸಿ ಹಾಕಿದೆ.”